ಮೂರು ಸಿಲಿಂಡರ್, ಮೂವತ್ತು ಮೆಕ್ಯಾನಿಕ್

ಹಳೇ ಮ್ಯಾಸ್ಸಿ 1035 ಟ್ರ್ಯಾಕ್ಟರ್ ಹೊಲದ ನಡುವೆ ಮಿಸ್ ಹೊಡೆಯಲು, ಅಂದರೆ ಒಂದು ಸಿಲಿಂಡರ್ ಉರಿಯದೆ ತಡವರಿಸಲು, ಶುರುಮಾಡಿದರೆ ಸಾಕು, ಅಕ್ಕಪಕ್ಕದ ಹೊಲದವರೆಲ್ಲ ಬದುವಿನ ಮೇಲೆ ಹಾಜರು. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದುಬಿಡುತ್ತದೆ: "ಟೈಮಿಂಗ್ ಔಟಾಗೈತಿ. ಪಂಪ್ ಇಳಸ್ರಿ."

ಟೈಮಿಂಗ್ ಅಂದರೆ ಡೀಸೆಲ್ ಪಂಪ್ ಒಂದೊಂದು ಸಿಲಿಂಡರಿಗೂ ಡೀಸೆಲ್ ಕೊಡುವ ಹೊತ್ತು. ಆ ಪಂಪನ್ನು ತಿರುಗಿಸುವುದು ಹಲ್ಲುಗಾಲಿ. ಅದು ರಾತ್ರೋರಾತ್ರಿ ಮನಸ್ಸು ಬದಲಾಯಿಸುವುದಿಲ್ಲ. ಟೈಮಿಂಗ್ ತಪ್ಪಬೇಕಾದರೆ ಗೇರ್ ಸವೆಯಬೇಕು, ಇಲ್ಲವೇ ಪಂಪಿನ ಫ್ಲೇಂಜ್ (ಎಂಜಿನ್ನಿಗೆ ಕೂರುವ ಅಂಚು) ಹಿಡಿದಿರುವ ಮೂರು ನಟ್ಟು ಸಡಿಲವಾಗಬೇಕು, ಇಲ್ಲವೇ ಯಾರಾದರೂ ಸಡಿಲ ಮಾಡಿರಬೇಕು. ನೂರಕ್ಕೆ ತೊಂಬತ್ತು ಕಡೆ ನನ್ನ ಅನುಮಾನ ಮೂರನೆಯದರ ಮೇಲೆಯೇ. ಆದ್ದರಿಂದ ಪಂಪಿನ ಕಡೆ ಪಾನ ಹಿಡಿದು ಹೊರಡುವ ಮೊದಲು ದುಡ್ಡು ಬೇಡದ ಜಾಗಗಳನ್ನು ನೋಡಬೇಕು.

ಮೊದಲನೆಯದು ಡೀಸೆಲ್ ಟ್ಯಾಂಕಿನ ಮುಚ್ಚಳ. ಅಸಲಿ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ. ಆ ಮುಚ್ಚಳ ಯಾವುದೋ ಉಗಾದಿಗೆ ಕಳೆದುಹೋಗಿ, ಈಗ ಅಲ್ಲಿ ರಸಗೊಬ್ಬರದ ಚೀಲದ ತುಂಡು, ಅದರ ಮೇಲೆ ಸೈಕಲ್ ಟ್ಯೂಬಿನ ಬಿಗಿ ಕಟ್ಟು. ಡೀಸೆಲ್ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ, ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಫೀಡ್ ಪಂಪ್ ಎಳೆದೂ ಎಳೆದೂ ಸೋಲುತ್ತದೆ. ಗಾಡಿ ಅರ್ಧ ಗಂಟೆ ಚೆನ್ನಾಗಿ ಓಡಿ, ಏದುಸಿರು ಬಿಟ್ಟು ನಿಲ್ಲುತ್ತದೆ. ಎಲ್ಲರೂ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸ್ಟಾರ್ಟ್! "ಹೀಟ್ ಆಗಿತ್ತು ನೋಡ್ರಿ" ಎಂಬ ವ್ಯಾಖ್ಯಾನವೂ ಹುಟ್ಟುತ್ತದೆ. ಗಾಡಿ ಟುಸ್ಸೆಂದಾಗ ಕಟ್ಟು ಬಿಚ್ಚಿ ನೋಡಿ. ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಕೇಳಿದರೆ ರೋಗ ಅಲ್ಲೇ ಇದೆ.

ಎರಡನೆಯದು ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್. ತುಕ್ಕು ಹಿಡಿದ ಕೇಬಲ್ ಎಳೆದಾಗ ಬರುತ್ತದೆ, ಬಿಟ್ಟಾಗ ಪೂರ್ತಿ ಹಿಂದೆ ಹೋಗುವುದಿಲ್ಲ. ಪಂಪಿನ ಮೇಲಿನ ಸ್ಟಾಪ್ ಲಿವರ್ ಅರ್ಧಕ್ಕೇ ನಿಂತು, ಎಂಜಿನ್ನಿಗೆ ಅರೆಹೊಟ್ಟೆ. ಕೇಬಲ್ಲಿಗೆ ಎಣ್ಣೆ ಬಿಟ್ಟು, ಲಿವರನ್ನು ಕೈಯಿಂದ ಹಿಂದಕ್ಕೆ ತಳ್ಳಿ ನೋಡಿದರೆ ತಿಳಿಯುತ್ತದೆ. ಇದಕ್ಕಾಗಿ ಪಂಪ್ ಇಳಿಸಿದವರ ಸಂಖ್ಯೆ ದೊಡ್ಡದು. ಹೇಳಿಕೊಂಡವರು ಕಡಿಮೆ.

ಇನ್ನು ಡೀಸೆಲ್ ಪೈಪಿನೊಳಗೆ ಸೇರುವ ಏರ್. ಪೈಪಿನ ಬ್ಯಾಂಜೋ ಬೋಲ್ಟಿನ (ಒಳಗೆ ಡೀಸೆಲ್ ಹರಿಯುವ ಟೊಳ್ಳು ಬೋಲ್ಟು) ತಾಮ್ರದ ವಾಷರ್ ಹಳತಾದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ನುಗ್ಗಬಹುದು. ಆಗ ಎಂಜಿನ್ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಏರ್ ತೆಗೆಯಲು ಒಂದು ಕ್ರಮವಿದೆ: ಮೊದಲು ಫಿಲ್ಟರ್ ತಲೆಯ ಸ್ಕ್ರೂ, ಆಮೇಲೆ ಪಂಪಿನ ಹೆಡ್ ಬದಿಯ ಸ್ಕ್ರೂ, ಆಮೇಲೆ ವೇಗ ಹಿಡಿತದಲ್ಲಿಡುವ ಗವರ್ನರ್ ಮೇಲಿನದು, ಕೊನೆಗೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳ ಪೈಪಿನ ನಟ್ಟುಗಳು. ಪ್ರತಿಯೊಂದರಲ್ಲೂ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಫೀಡ್ ಪಂಪಿನ ಕೈಲಿವರ್ ಒತ್ತಬೇಕು. ನಾಜಲ್ ಪೈಪಿಗೆ ಮಾತ್ರ ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಬೇಕು. ಕೈಲಿವರ್ ಒತ್ತಿದರೂ ಸತ್ತಂತೆ ಅಲ್ಲಾಡಿದರೆ ಫೀಡ್ ಪಂಪನ್ನು ಬೈಯಬೇಡಿ. ಒಳಗಿನ ಕ್ಯಾಮ್ ಅದನ್ನು ಎತ್ತಿ ಹಿಡಿದಿರುತ್ತದೆ. ಎಂಜಿನ್ ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಜೀವ ಬರುತ್ತದೆ.

ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ. ಹಾಕದೆಯೇ ಆಯಿಲ್ ಏರುತ್ತಿದ್ದರೆ ಸಂಭ್ರಮಪಡುವ ವಿಷಯವಲ್ಲ. ಹೆಚ್ಚಿನ ಸಂದರ್ಭದಲ್ಲಿ ಫೀಡ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪರದೆ) ಹರಿದು ಡೀಸೆಲ್ ಎಂಜಿನ್ ತಳದ ಆಯಿಲ್ ಚೇಂಬರಿಗೆ ಇಳಿಯುತ್ತಿರುತ್ತದೆ.

ಯಾವ ಸಿಲಿಂಡರ್ ಕೈಕೊಟ್ಟಿದೆ ಅಂತ ಹುಡುಕುವುದು ಸುಲಭ. ಎಂಜಿನ್ ಸ್ಲೋ ಓಡುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಯಿರಿ. ಸಡಿಲಿಸಿದಾಗ ಸದ್ದು ಬದಲಾದರೆ ಆ ಸಿಲಿಂಡರ್ ದುಡಿಯುತ್ತಿದೆ, ಬದಲಾಗದಿದ್ದರೆ ಅದೇ ಮೈಗಳ್ಳ. ಅದರ ನಾಜಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ರೋಗವೂ ಜೊತೆಗೆ ಹೋದರೆ ನಾಜಲ್ ಶಾಪಿಗೆ ಕೊಡಿ; ಅಲ್ಲೇ ಉಳಿದರೆ ವಾಲ್ವ್, ಕಂಪ್ರೆಷನ್ ಕಡೆ ನೋಡಬೇಕು. ಕೂರಿಸುವಾಗ ಹಳೇ ವಾಷರ್ ತಳದಲ್ಲೇ ಅಂಟಿದ್ದು, ಮೇಲೆ ಹೊಸದೂ ಬಿದ್ದು ಎರಡಾಗದಂತೆ ನೋಡಿಕೊಳ್ಳಿ. ನಾಜಲಿನ ಸ್ಪ್ರೇ ಮುಂದೆ ಕೈ ಮಾತ್ರ ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ. ಇದರಲ್ಲಿ ತಮಾಷೆ ಇಲ್ಲ, ನೇರ ಆಸ್ಪತ್ರೆ.

ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ಬಿಗಿಯಾಗಿದ್ದರೂ ಮಿಸ್ ಹೊಡೆಯುತ್ತದೆ, ಸಡಿಲವಾಗಿದ್ದರೆ ಟಕಟಕ. ಪರ್ಕಿನ್ಸ್ ವಿನ್ಯಾಸದ ಈ ಮೂರು ಸಿಲಿಂಡರಿನ ಎಂಜಿನ್ನಿಗೆ ತಣ್ಣಗಿದ್ದಾಗ 0.012 ಇಂಚು, ಅಂದರೆ 0.30 ಮಿಮೀ ಸಂದು. ಸಿಲಿಂಡರ್ ಉರಿಯುವ ಸರದಿ (ಫೈರಿಂಗ್) 1-2-3. ಒಂದನೆಯದು ಕಂಪ್ರೆಷನ್ನಿನ ತುದಿಗೆ ಬಂದಾಗ ಅದರ ಎರಡೂ ರಾಕರ್ ಸಡಿಲ ಇರುತ್ತವೆ. ಅಲ್ಲಿ ಸೆಟ್ ಮಾಡಿ 240 ಡಿಗ್ರಿ ತಿರುಗಿಸಿದರೆ ಎರಡನೆಯದರ ಸರದಿ, ಮತ್ತೆ 240ಕ್ಕೆ ಮೂರನೆಯದು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದೆ ಬ್ಲೇಡ್ ತುರುಕಿ ಸೆಟ್ ಮಾಡುವ ಮಹನೀಯರಿದ್ದಾರೆ. ಬ್ಲೇಡಿನ ದಪ್ಪ 0.1 ಮಿಮೀ ಸುಮಾರು. ಮೂರು ಸೇರಿಸಿದರೆ ಲೆಕ್ಕಕ್ಕೆ ಸರಿಹೋಗುತ್ತದೆ ಎಂಬ ಅವರ ವಾದಕ್ಕೆ ಉತ್ತರ ಕೊಡುವುದು ಕಷ್ಟ!

ಇಷ್ಟಾದರೂ ಹಟ ಬಿಡದಿದ್ದರೆ ಈಗ ಟೈಮಿಂಗ್. ಬೇಗ ಆಗಿದ್ದರೆ ಕಲ್ಲು ಕುಟ್ಟಿದಂಥ ಗಟ್ಟಿ ನಾಕಿಂಗ್, ಸ್ಟಾರ್ಟ್ ಮಾಡುವಾಗ ಒದೆತ. ತಡವಾಗಿದ್ದರೆ ಬಿಳಿ ಹೊಗೆ, ಮೆತ್ತಗಿನ ಸದ್ದು, ನೇಗಿಲು ಇಳಿಸಿದ ಕೂಡಲೇ ಸುಸ್ತು, ರೇಡಿಯೇಟರ್ ಕುದಿತ. ಈ ಗಾಡಿಯ ಡೀಸೆಲ್ ಪಂಪು ಡಿಪಿಎ ಎಂಬ ಗುಂಡನೆಯ ಮಾದರಿ. ಅದರ ಫ್ಲೇಂಜಿನಲ್ಲಿ ಗೆರೆ, ಟೈಮಿಂಗ್ ಕೇಸಿನಲ್ಲಿ ಗೆರೆ, ಎರಡೂ ಎದುರುಬದುರಾಗಬೇಕು. ಪಂಪ್ ತಿರುಗುವುದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಹಾಗಾಗಿ ಪಂಪಿನಲ್ಲಿ 1 ಡಿಗ್ರಿ ಸರಿದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ. ಫ್ಲೇಂಜ್ ಅಂಚಿನಲ್ಲಿ ಒಂದು ಮಿಲಿಮೀಟರ್ ಅಂದರೆ ಎಂಜಿನ್ನಿಗೆ ದೊಡ್ಡ ವಿಷಯ. ಹಳೇ ಗಾಡಿಗಳ ಈ ನಟ್ಟುಗಳಿಗೆ ಅರ್ಧ ಇಂಚಿನ ಪಾನ ಬೇಕು, ಅಂದರೆ 12.7 ಮಿಮೀ. 13ರ ಪಾನ "ನಡೀತದೆ" ಅಂತ ಹಾಕಿ ಹಾಕಿಯೇ ಮೂಲೆ ಸವೆದು ನಟ್ಟು ಗುಂಡಗಾಗಿರುತ್ತದೆ.

ಗೆರೆ ಹುಡುಕಲು ಹೋದರೆ ಅಲ್ಲಿ ಇನ್ನೊಂದು ಮೋಜು. ಗ್ರೀಸ್ ಒರೆಸಿದಂತೆಲ್ಲ ಉಳಿ ಗುರುತುಗಳು ಹೊರಬರುತ್ತವೆ: ಒಂದು ಆ ಮೆಕ್ಯಾನಿಕ್‌ನದು, ಒಂದು ಈತನದು, ಒಂದು ಯಾರೋ ಚೆಕ್ ಮಾಡಲು ಹೊಡೆದದ್ದು. ನಂಬಬೇಕಾದ್ದು ಫ್ಯಾಕ್ಟರಿಯ ಸಣ್ಣ ನೇರ ಗೆರೆ. ಉಳಿ ಗುರುತು ದಪ್ಪಗೆ, ಅಂಚು ಎದ್ದು, ಸೊಟ್ಟಗಿರುತ್ತದೆ. ಪಂಪ್ ಬಿಚ್ಚುವ ಮೊದಲು ನಿಮ್ಮ ಗುರುತನ್ನು ಬಿಳಿ ಪೇಂಟಿನಲ್ಲಿ ಹಾಕಿ, ಉಳಿ ದೂರ ಇಡಿ. ಗೆರೆ ಕೂಡಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಪಂಪಿನ ಒಳಗೇ ಸವೆತವಿರಬಹುದು. ಡಿಪಿಎ ಪಂಪಿಗೆ ಡೀಸೆಲ್ಲೇ ಲೂಬ್ರಿಕೆಂಟ್, ಸೀಮೆಎಣ್ಣೆ ಬೆರೆಸಿ ಉಳಿಸಿದ ದುಡ್ಡು ಇಲ್ಲಿ ಬಡ್ಡಿ ಸಮೇತ ಹೋಗುತ್ತದೆ. ಎಚ್‌ಎಂಟಿಯಂಥ ಗಾಡಿಯ ಸಾಲುಪಂಪಿಗೆ (ಸಿಲಿಂಡರಿಗೊಂದರಂತೆ ಸಾಲಾಗಿ ಪ್ಲಂಜರ್ ಇರುವ ಪಂಪು) ಬೇರೆಯೇ ಆಯಿಲ್ ಇರುತ್ತದೆ, ಅದನ್ನು ನೋಡಿ ವರ್ಷಗಳಾಗಿರುತ್ತವೆ. ಒಳಗೆ ಸವೆದರೆ ಎರಡಕ್ಕೂ ಪಂಪ್ ಪರೀಕ್ಷಿಸಿ ಸೆಟ್ ಮಾಡುವ ಕ್ಯಾಲಿಬ್ರೇಷನ್ ಬೆಂಚೇ ಗತಿ. ಪಂಪನ್ನು ಚೀಲದಲ್ಲಿ ಸುತ್ತಿ, ಪೈಪ್ ತೂತುಗಳಿಗೆ ಬಟ್ಟೆ ತುರುಕದೆ ಪ್ಲಾಸ್ಟಿಕ್ ಕ್ಯಾಪ್ ಹಾಕಿ ಒಯ್ಯಿರಿ. ಬಟ್ಟೆಯ ಎಳೆಯೊಂದು ಸಾಕು, ನಾಜಲ್ ಮುಚ್ಚಲು.