ಕ್ಯಾಂಪಸ್ ಎಚ್ಚರಿಕೆ ಸಂದೇಶ: ಎಲ್ಲರಿಗೂ ಬೇಕೇ, ಕೇಳಿದವರಿಗೆ ಸಾಕೇ?

ಅಮೆರಿಕದ ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಯ ಮೊಬೈಲ್ ನಂಬರನ್ನೂ ತುರ್ತು ಎಚ್ಚರಿಕೆ ಪಟ್ಟಿಗೆ ತಾವಾಗಿಯೇ ಸೇರಿಸಬೇಕೇ? ಬೇಕೆಂದವರು ಸೇರಿಕೊಂಡರೆ ಸಾಕೇ?

ಪರ: ಎಲ್ಲರನ್ನೂ ಸೇರಿಸಲೇಬೇಕು

2007ರ ಏಪ್ರಿಲ್ 16. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಹಾಸ್ಟೆಲೊಂದರಲ್ಲಿ ಬೆಳಿಗ್ಗೆ ಸುಮಾರು 7.15ಕ್ಕೆ ಇಬ್ಬರಿಗೆ ಗುಂಡೇಟು ಬಿತ್ತು. ವಿದ್ಯಾರ್ಥಿಗಳಿಗೆ ಮೊದಲ ಇಮೇಲ್ ಹೋದದ್ದು 9.26ಕ್ಕೆ. ಎರಡು ಗಂಟೆಗೂ ಜಾಸ್ತಿ ಹೊತ್ತು ಕಳೆದಿತ್ತು, ಕ್ಲಾಸುಗಳು ಶುರುವಾಗಿದ್ದವು. ಸುಮಾರು ಕಾಲು ಗಂಟೆಯಲ್ಲಿ ಅದೇ ಕೊಲೆಗಾರ ಕ್ಲಾಸುಗಳು ನಡೆಯುವ ನಾರಿಸ್ ಹಾಲ್ ಕಟ್ಟಡದಲ್ಲಿ ಗುಂಡು ಹಾರಿಸತೊಡಗಿ ಇನ್ನೂ 30 ಜನರನ್ನು ಕೊಂದ. ಜಲವಿಜ್ಞಾನದ ಪಾಠ ಮಾಡುತ್ತಿದ್ದ, ತಮಿಳುನಾಡು ಮೂಲದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಅವರೂ ಅಲ್ಲಿಯೇ ತೀರಿಕೊಂಡರು. ಪಾಠ ಕೇಳುತ್ತಾ ಕೂತವರು ಇಮೇಲ್ ನೋಡುವುದೆಲ್ಲಿ ಬಂತು? ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದ್ದ ಕಾಲವೂ ಅದಲ್ಲ.

ಮರುವರ್ಷ ಕ್ಲೆರಿ ಕಾಯ್ದೆಗೆ, ಅಂದರೆ ಕ್ಯಾಂಪಸ್ ಅಪರಾಧಗಳ ಮಾಹಿತಿಯನ್ನು ಬಹಿರಂಗಪಡಿಸಬೇಕೆನ್ನುವ ಅಮೆರಿಕದ ಕಾನೂನಿಗೆ, ತಿದ್ದುಪಡಿ ಬಂತು. ಅಪಾಯ ಖಚಿತವಾದ ಕೂಡಲೇ ಕ್ಯಾಂಪಸ್ಸಿಗೆ ತಿಳಿಸಬೇಕು ಎಂದಿತು. ಆದರೆ ಮೊಬೈಲಿಗೇ ಕಳಿಸಿ ಎಂದು ಕಾಯ್ದೆ ಹೇಳುವುದಿಲ್ಲ. ಆ ಜಾಗ ತುಂಬಬೇಕಾದವರು ವಿಶ್ವವಿದ್ಯಾಲಯದವರೇ.

'ಬೇಕಾದವರು ಸೇರಿಕೊಳ್ಳಿ' ಎಂದುಬಿಟ್ಟರೆ ಆಗುವುದೇನು? ಆಗಸ್ಟ್‌ನಲ್ಲಿ ಬೆಂಗಳೂರಿಂದ ಹೋಗಿ ಇಳಿದ ಹುಡುಗಿಯನ್ನೇ ನೆನೆಸಿಕೊಳ್ಳಿ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಕೋರ್ಸ್ ನೋಂದಣಿ. ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬ ಇನ್ನೂ ಸೂಟ್‌ಕೇಸಿನಲ್ಲೇ ಇದೆ. ಇಷ್ಟರ ನಡುವೆ ಇನ್ನೊಂದು ಫಾರಂ ಬಂದರೆ 'ಆಮೇಲೆ ಮಾಡಿದರಾಯ್ತು' ಅನ್ನುತ್ತಾಳೆ. ನಾವೂ ಹಾಗೇ ಅಲ್ವಾ? ಆ ಒಂದು ಮರೆವಿಗೆ ಅವಳ ಜೀವವನ್ನು ಪಣಕ್ಕಿಡುವುದು ಸರಿಯಲ್ಲ. ಮೊದಲು ಸೇರಿಸಿ. ಬೇಡ ಅನ್ನುವವರು ಬಿಟ್ಟುಹೋಗಲಿ.

ವಿರೋಧ: ಸುಮ್ನೆ ಹೆಸರು ಸೇರಿಸಿದರೆ ಸಾಲದು

ಆ ಹುಡುಗಿಯ ವಿಷಯಕ್ಕೇ ಬರೋಣ. ಅಡ್ಮಿಶನ್ ಅರ್ಜಿಯಲ್ಲಿ ಅವಳು ಕೊಟ್ಟದ್ದು ಭಾರತದ ನಂಬರ್. ಪಟ್ಟಿಗೆ ತಾನಾಗಿ ಹೋಗುವುದೂ ಅದೇ. ಆ ಸಿಮ್ ಈಗ ಜಯನಗರದಲ್ಲಿ, ಬ್ಯಾಂಕಿನ ಒಟಿಪಿಗೆಂದು ಅಮ್ಮನ ಹಳೇ ಫೋನಿನಲ್ಲಿದೆ. ಅಲ್ಲಿ ಸಂಜೆ ಐದೂವರೆಗೆ ಎಚ್ಚರಿಕೆ ಹೊರಟರೆ ಇಲ್ಲಿ ರಾತ್ರಿ ಮೂರಕ್ಕೆ ಬೆಚ್ಚಿ ಏಳುವವರು ಅಮ್ಮ. ಕ್ಯಾಂಪಸ್ಸಿನಲ್ಲಿರುವ ಮಗಳಿಗೆ ಸುದ್ದಿಯೇ ಇಲ್ಲ. ಆದರೂ ಪಟ್ಟಿಯಲ್ಲಿ ಅವಳ ಹೆಸರಿದೆ, ಲೆಕ್ಕ ಸರಿಯಾಗಿದೆ. ನನಗೆ ಹೆದರಿಕೆಯಾಗುವುದು ಈ ಲೆಕ್ಕ ಕಂಡೇ.

ಸುಳ್ಳು ಕರೆಗಳ ಕಾಟ ಬೇರೆ. 2025ರ ಆಗಸ್ಟ್ 21ರಂದು ವಿಲನೋವಾ ವಿಶ್ವವಿದ್ಯಾಲಯದಲ್ಲಿ, ಹೊಸಬರನ್ನು ಬರಮಾಡಿಕೊಳ್ಳುವ ಹೊತ್ತಿನಲ್ಲೇ, ಬಂದೂಕುಧಾರಿ ಇದ್ದಾನೆಂಬ ಎಚ್ಚರಿಕೆ ಹೋಯಿತು. ಮಕ್ಕಳು, ಹೆತ್ತವರು ದಿಕ್ಕಾಪಾಲಾಗಿ ಓಡಿದರು. ಕೊನೆಗೆ ನೋಡಿದರೆ ಯಾರೋ ಮಾಡಿದ ಹುಸಿ ಕರೆ. ಇಂಥವು ಎರಡು ಮೂರು ಸಲ ಆದರೆ, ಕೇಳದೇ ಪಟ್ಟಿಗೆ ಸೇರಿದವರು ಆ ನಂಬರನ್ನೇ ಮ್ಯೂಟ್ ಮಾಡಿಬಿಡುತ್ತಾರೆ. ತಾನೇ ಕೂತು ನಂಬರ್ ತುಂಬಿದವಳಿಗೆ ಸಂದೇಶ ಎಲ್ಲಿಂದ ಬರುತ್ತದೆ, ಬಂದಾಗ ಏನು ಮಾಡಬೇಕು ಅನ್ನುವುದಾದರೂ ನೆನಪಿರುತ್ತದೆ.

ಐಡಿ ಕಾರ್ಡ್ ಕೊಡುವ ಕೌಂಟರಿನಲ್ಲೇ 'ಇಲ್ಲಿಯ ನಂಬರ್ ಬಂತಾ?' ಎಂದು ಕೇಳಲಿ. ಸೇರುತ್ತೇನೆ ಎಂದರೆ ಅವಳ ಕೈಯಿಂದಲೇ ತುಂಬಿಸಿ, ಅಲ್ಲೇ ಒಂದು ಪರೀಕ್ಷಾ ಸಂದೇಶ ಕಳಿಸಲಿ. ಸಿಮ್ ಇನ್ನೂ ಸಿಕ್ಕಿಲ್ಲ ಎಂದರೆ ಮುಂದಿನ ವಾರ ಮತ್ತೆ ಕರೆಯಲಿ.