ಫೋನ್ ಬಿಟ್ಟಿದ್ದಲ್ಲ, ಸಿಗ್ನಲ್ಲೇ ಇಲ್ಲ

ನಿಮ್ಮ ಲೇಖನದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪೊಕಹಾಂಟಸ್ ಕೌಂಟಿಯ ಜನ "ಮೊಬೈಲ್ ಬಿಟ್ಟು ನೆಮ್ಮದಿ ಕಂಡುಕೊಂಡಿದ್ದಾರೆ" ಎಂದು ಬರೆದಿದ್ದೀರಿ. ಬಿಟ್ಟಿದ್ದೆಲ್ಲಿ ಬಂತು ಸ್ವಾಮಿ? ಅಲ್ಲಿ ಬಹಳ ಕಡೆ ಸಿಗ್ನಲ್ಲೇ ಇಲ್ಲ. 1958ರಲ್ಲೇ ಆ ಪ್ರದೇಶವನ್ನು ರೇಡಿಯೋ ಮೌನ ವಲಯ, ಅಂದರೆ ರೇಡಿಯೋ ಸಿಗ್ನಲ್ಲಿಗೆ ಕಡಿವಾಣ ಇರುವ ಜಾಗ, ಮಾಡಿದ್ದಾರೆ. ಗ್ರೀನ್ ಬ್ಯಾಂಕ್‌ನ ಆಕಾಶದಿಂದ ಬರುವ ಸಣ್ಣ ರೇಡಿಯೋ ಅಲೆಗಳನ್ನು ಕೇಳಿಸಿಕೊಳ್ಳುವ 100 ಮೀಟರ್ ಅಗಲದ ಟೆಲಿಸ್ಕೋಪಿಗೆ ತೊಂದರೆ ಆಗಬಾರದಲ್ವಾ, ಅದಕ್ಕೇ ಟವರ್‌ಗಳಿಗೆ ಅಷ್ಟು ಕಟ್ಟುನಿಟ್ಟು. ಟೆಲಿಸ್ಕೋಪಿನ ಹತ್ತಿರ ಹೋಗುವ ಗಾಡಿಯೂ ಡೀಸೆಲ್‌ದೇ ಆಗಬೇಕು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿ ಕೂಡ ಅದರ ಕಿವಿಗೆ ಗಲಾಟೆಯೇ!

ಹಾಗಂತ ಅವರೇನು ಕಾಡಿನಲ್ಲಿ ಕಳೆದುಹೋದವರಲ್ಲ. ಲ್ಯಾಂಡ್‌ಲೈನ್ ಇದೆ, ವೈರಿನ ಇಂಟರ್ನೆಟ್ಟೂ ಇದೆ.

ನಾವು ಪಕ್ಕದ ವರ್ಜೀನಿಯಾದಲ್ಲಿರುವವರು. ಮಕ್ಕಳನ್ನು ಆ ಕೌಂಟಿಯ ಸ್ನೋಶೂ ರೆಸಾರ್ಟಿಗೆ ಸ್ಕೀ ಆಡಲು ಕರೆದುಕೊಂಡು ಹೋಗುವಾಗ ಬೆಟ್ಟದ ತಿರುವಿನಲ್ಲಿ ಫೋನ್ ಸತ್ತರೆ ನಮಗೆ ಮಜಾ. ಅಲ್ಲೇ ಬದುಕುವವರಿಗೆ? ರಾತ್ರಿ ಹಿಮದಲ್ಲಿ ಕಾರು ಚರಂಡಿಗೆ ಇಳಿದರೆ ಇನ್ನೊಂದು ಗಾಡಿ ಬರುವ ತನಕ ಕಾಯಬೇಕು. 2,400 ಚದರ ಕಿ.ಮೀ.ಗೂ ಜಾಸ್ತಿ ಜಾಗದಲ್ಲಿ 2020ರ ಜನಗಣತಿಯಂತೆ 8,000 ಜನರೂ ಇಲ್ಲ. ಆ ಗಾಡಿ ಎಷ್ಟು ಹೊತ್ತಿಗೆ ಬರುತ್ತದೋ ನೀವೇ ಲೆಕ್ಕ ಹಾಕಿ.

ಟೆಲಿಸ್ಕೋಪ್ ಬೇಡ ಅಂತಲ್ಲ. ಊರಿನ ಎಷ್ಟೋ ಜನಕ್ಕೆ ಕೆಲಸ ಕೊಟ್ಟಿರುವುದೂ ಅದೇ. ಆದರೆ ನೆಮ್ಮದಿಯ ಬಗ್ಗೆ ಬರೆಯುವ ಮೊದಲು ಅಲ್ಲಿನ ಆಂಬುಲೆನ್ಸ್ ಓಡಿಸುವವರನ್ನು ಒಂದು ಮಾತು ಕೇಳಬಹುದಿತ್ತು.