ಲೈಂಗಿಕ ಅಪರಾಧಿಗಳ ಪಟ್ಟಿ ಊರವರಿಗೂ ಕಾಣಬೇಕಾ?

ಪರ: ಪೊಲೀಸರ ಕಂಪ್ಯೂಟರಿನಲ್ಲಿ ಇದ್ದರೆ ನಮಗೇನು ಬಂತು?

ನಮ್ಮ ದೇಶದಲ್ಲಿ ಇಂಥ ಪಟ್ಟಿಯೇ ಇಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಉಂಟು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಶುರು ಮಾಡಿತು, ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ನೋಡಿಕೊಳ್ಳುತ್ತದೆ. ಮೊದಲ ದಿನವೇ ಅದರಲ್ಲಿ ಸುಮಾರು 4.4 ಲಕ್ಷ ದಾಖಲೆ ಇತ್ತು. ಹೆಸರು, ವಿಳಾಸ, ಫೋಟೋ, ಬೆರಳಚ್ಚು ಎಲ್ಲ ಸೇರಿ. ಆದರೆ ಅದನ್ನು ತೆರೆದು ನೋಡುವವರು ಪೊಲೀಸರು, ತನಿಖೆಯವರು ಅಷ್ಟೇ. ಮಂಜೇಶ್ವರದಲ್ಲಿ ಮಗಳನ್ನು ಟ್ಯೂಷನ್‌ಗೆ ಕಳಿಸುವ ಅಮ್ಮನಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಗಡಿಯವರಿಗೆ ಇದು ಇನ್ನೂ ಜಾಸ್ತಿ ತಟ್ಟುವ ವಿಷಯ. ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿದರೆ ರಾಜ್ಯ ಬೇರೆ, ಪೊಲೀಸ್ ಬೇರೆ, ಪೇಪರಿನ ಭಾಷೆಯೂ ಬೇರೆ. ಮಂಗಳೂರಿನಲ್ಲಿ ಶಿಕ್ಷೆಯಾದವನ ಸುದ್ದಿ ಕನ್ನಡ ಪೇಪರಿನ ಮೂರನೇ ಪುಟದಲ್ಲಿ ಬಂದಿರುತ್ತದೆ. ಅವನು ಹೊರಗೆ ಬಂದು ಕೇರಳದ ಉಪ್ಪಳದಲ್ಲಿ ಬಾಡಿಗೆ ಕೋಣೆ ಹಿಡಿದು ಶಾಲೆ ವ್ಯಾನ್ ಓಡಿಸಲು ಶುರು ಮಾಡಿದರೆ, ಮಲಯಾಳಂ ಪೇಪರ್ ಮಾತ್ರ ಓದುವ ಪಕ್ಕದ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಹೊರದೇಶಕ್ಕೆ ದುಡಿಯಲು ಹೊರಟ ನಮ್ಮ ಹುಡುಗರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗಾಗಿ ಅಲೆಯುತ್ತಾರೆ. ಅಲ್ಲಿನ ಕಂಪೆನಿಗಿರುವ ಜಾಗ್ರತೆ ನಮ್ಮೂರ ಟ್ಯೂಷನ್ ಸೆಂಟರಿಗೆ ಬೇಡವಾ?

ಅಮೆರಿಕದಲ್ಲಿ ಪಟ್ಟಿ ತೆರೆದದ್ದೂ ಇಂಥದ್ದೇ ಸಂಕಟದಿಂದ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಏಳು ವರ್ಷದ ಹುಡುಗಿಯನ್ನು ಕೊಂದವನು ಎದುರುಮನೆಯಲ್ಲೇ ಇದ್ದ. ಅವನಿಗೆ ಮೊದಲೇ ಶಿಕ್ಷೆಯಾಗಿತ್ತು ಅನ್ನುವುದು ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ. ಆ ಮಗುವಿನ ಹೆಸರಲ್ಲಿ ಬಂದ ಮೇಗನ್ ಕಾನೂನು 1996ರಲ್ಲಿ ಇಡೀ ದೇಶಕ್ಕೆ ಹಬ್ಬಿತು. ಕೇರಳವೂ 2017ರಲ್ಲಿ ಇಂಥ ಪಟ್ಟಿ ಮಾಡಿ ಜನರ ಮುಂದಿಡುತ್ತೇವೆ ಅಂತ ರಾಜ್ಯಪಾಲರ ಭಾಷಣದಲ್ಲೇ ಹೇಳಿಸಿತ್ತು.

ಶಿಕ್ಷೆ ಮುಗಿಸಿದವನ ಮಾನ ಅಂತೀರಾ? ಕೋರ್ಟಿನ ತೀರ್ಪೇನು ಗುಟ್ಟಲ್ಲ. ಅಲ್ಲಿ ಇಲ್ಲಿ ಚದುರಿದ್ದನ್ನು ಒಂದು ಕಡೆ ಸೇರಿಸಿ ಅಂತ ಕೇಳುವುದು, ಅಷ್ಟೇ.

ವಿರೋಧ: ಅವನ ವಿಳಾಸ ಹಾಕಿದರೆ ಮಗುವಿನ ವಿಳಾಸವೂ ಬಿತ್ತು

ಮೇಲಿನದ್ದನ್ನೂ ನಾನೇ ಬರೆದದ್ದು. ಆದರೂ ನನ್ನ ಮನಸ್ಸು ವಾಲುವುದು ಈ ಕಡೆಗೆ, ಸುಮ್ನೆ ಮುಚ್ಚಿಡುವುದು ಯಾಕೆ.

ಎನ್‌ಸಿಆರ್‌ಬಿ ವರ್ಷ ವರ್ಷ ಕೊಡುವ ಲೆಕ್ಕದಲ್ಲಿ ಒಂದು ವಿಷಯ ಬದಲಾಗುವುದಿಲ್ಲ: ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಪರಿಚಯದವನೇ. ಮಾವ, ನೆರೆಯವ, ಎಷ್ಟೋ ಸಲ ಅಪ್ಪ. ಈಗ ನಮ್ಮ ಕಡೆಯ ಒಂದು ಹಳ್ಳಿಗೆ ಈ ಪಟ್ಟಿಯ ಒಂದೇ ಒಂದು ಸಾಲು ಬಂತು ಅಂತ ಇಟ್ಟುಕೊಳ್ಳಿ. ಹೆಸರು, ಮನೆ ಹೆಸರು, ವಾರ್ಡು, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು) ಸೆಕ್ಷನ್ 6. ಇಲ್ಲಿ ಮನೆ ಹೆಸರು ಹೇಳಿದರೆ ಅಜ್ಜನ ಕಾಲದಿಂದ ಆ ಮನೆಯ ಕಥೆ ಗೊತ್ತಿರುವವರೇ ಎಲ್ಲ. ಆ ಮನೆಯಲ್ಲಿ ಆ ಪ್ರಾಯದ ಹುಡುಗಿ ಯಾರು, ಪಕ್ಕದ ಮನೆಯಿಂದ ಶಾಲೆ ಬಿಟ್ಟು ಚಿಕ್ಕಮ್ಮನ ಮನೆಗೆ ಹೋದವಳು ಯಾರು ಅಂತ ಸಂಜೆಯೊಳಗೆ ಹೋಟೆಲಿನಲ್ಲಿ ಲೆಕ್ಕ ಹಾಕಿ ಮುಗಿಸಿರುತ್ತಾರೆ. ಮಗುವಿನ ಹೆಸರು, ವಿಳಾಸ, ಮನೆಯವರು, ಶಾಲೆ, ಅಕ್ಕಪಕ್ಕ, ಯಾವುದನ್ನೂ ಮಾಧ್ಯಮದವರು ಹೊರಗೆ ಹಾಕಬಾರದು ಅಂತ ಅದೇ ಪೋಕ್ಸೋದ ಸೆಕ್ಷನ್ 23 ಹೇಳುತ್ತದೆ. ಹಾಕಿದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪೇಪರಿನವನು ಮಾಡಿದರೆ ಅಪರಾಧ, ಸರಕಾರ ವೆಬ್‌ಸೈಟಿನಲ್ಲಿ ಮಾಡಿದರೆ ಸುರಕ್ಷತೆಯಾ?

ಇದು ಗೊತ್ತಾದ ಮೇಲೆ ಯಾವ ಮನೆಯವರು ದೂರು ಕೊಡುತ್ತಾರೆ? ಈಗಲೇ "ಮರ್ಯಾದೆ ಹೋಗ್ತದೆ, ಮಾತಾಡಿ ಮುಗಿಸುವ" ಅನ್ನುವವರಿಗೆ ಬರವಿಲ್ಲ. ಮಗುವಿನ ಅಜ್ಜಿಯೇ ಸಾಕ್ಷಿ ತಿರುಗಿಸುತ್ತಾಳೆ.

ಇನ್ನು ಜನ ಕೈಗೆ ಸಿಕ್ಕಿದ ಪಟ್ಟಿಯನ್ನು ಏನು ಮಾಡುತ್ತಾರೆ ಅನ್ನುವುದಕ್ಕೆ ದೂರದ ಉದಾಹರಣೆ ಉಂಟು. 2006ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಒಬ್ಬ ವೆಬ್‌ಸೈಟಿನಿಂದ ವಿಳಾಸ ತೆಗೆದುಕೊಂಡು ಹೋಗಿ ಇಬ್ಬರನ್ನು ಗುಂಡಿಟ್ಟು ಕೊಂದ. ಅದರಲ್ಲಿ ಒಬ್ಬನ ಅಪರಾಧ, 16 ತುಂಬದ ಗೆಳತಿಯ ಜೊತೆ ಸಂಬಂಧ. ನಮ್ಮಲ್ಲಿ ಆ ಗೆರೆ 18ಕ್ಕೆ ಇರುವುದು, ಓಡಿಹೋದ ಪ್ರೇಮಿಗಳ ಕೇಸೂ ಪೋಕ್ಸೋದಲ್ಲೇ ಬೀಳುತ್ತದೆ. ವಾಟ್ಸಾಪ್ ಗ್ರೂಪಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಅದೇ ಹೆಸರಿನ ಇನ್ನೊಬ್ಬನಾದರೂ ಅದಕ್ಕೆ ಚಿಂತೆಯಿಲ್ಲ.

ಪಟ್ಟಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರೆಸ್ಕಾಟ್, ರಾಕಾಫ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೊಲೀಸರ ಕೈಯಲ್ಲಿ ವಿವರ ಇದ್ದರೆ ಅಪರಾಧ ಕಡಿಮೆಯಾಗುವುದು ಕಂಡಿತು. ಊರಿಗೆಲ್ಲ ಸಾರಿದರೆ ಇನ್ನೂ ಪಟ್ಟಿಗೆ ಸೇರದವರು ಹೆದರಬಹುದು, ಆದರೆ ಪಟ್ಟಿಯಲ್ಲಿದ್ದವರು ಮತ್ತೆ ತಪ್ಪು ಮಾಡುವುದು ಜಾಸ್ತಿಯೇ ಆಗಬಹುದು ಅಂತಲೂ ಕಂಡಿತು. ಕೆಲಸ ಇಲ್ಲ, ಮನೆ ಇಲ್ಲ, ಕಳೆದುಕೊಳ್ಳಲು ಇನ್ನೇನೂ ಇಲ್ಲದವನನ್ನು ತಡೆಯುವುದು ಯಾವುದು?

ಹಾಗಾದರೆ ಆ ಉಪ್ಪಳದ ವ್ಯಾನಿನವನು? ಇಂಗ್ಲೆಂಡ್, ವೇಲ್ಸ್‌ನಲ್ಲಿ 2011ರಿಂದ ಎಲ್ಲ ಕಡೆ ಒಂದು ಏರ್ಪಾಡು ಉಂಟು. ಇಂಥವನು ನನ್ನ ಮಗುವಿನ ಹತ್ತಿರ ಓಡಾಡುತ್ತಾನೆ, ಭಯಪಡಬೇಕಾ ಅಂತ ತಾಯಿ ಪೊಲೀಸರನ್ನು ಕೇಳಬಹುದು. ಅಪಾಯ ಇದ್ದರೆ ಮಾತ್ರ ಹೇಳುತ್ತಾರೆ. ಅದೂ ಮಗುವನ್ನು ಕಾಪಾಡಬೇಕಾದವರಿಗೆ ಮಾತ್ರ. ಅವರು ಅದನ್ನು ಊರೆಲ್ಲ ಹಂಚುವ ಹಾಗಿಲ್ಲ. ಇಲ್ಲಿ ಅದನ್ನೇ ತರುವುದಾದರೆ ತಲಪಾಡಿಯ ಆಚೆಯ ದಾಖಲೆಯನ್ನೂ ನೋಡಿ ಉತ್ತರ ಕೊಡಬೇಕು. ಮತ್ತೆ ಅರ್ಜಿ ಕನ್ನಡದಲ್ಲೂ ಇರಬೇಕು ಮಾರಾಯ್ರೆ, ಮಲಯಾಳಂ ಫಾರಂ ಒಂದನ್ನೇ ಇಟ್ಟರೆ ನಮ್ಮ ಕಡೆಯ ಎಷ್ಟೋ ಅಮ್ಮಂದಿರು ಸ್ಟೇಷನ್ ಮೆಟ್ಟಿಲೇ ಹತ್ತುವುದಿಲ್ಲ.